ಒಲೆ ಇಲ್ಲದ ಮನೆಗಾಡಿ

ಚಾಮರಾಜನಗರದಲ್ಲಿ ನನ್ನ ಜೊತೆಗಿರುವ ಅವ್ವನಿಗೂ ಗೂಡಲೂರಿನಲ್ಲಿರುವ ಅವಳ ತಂಗಿಗೂ ಬೆಳಗಿನ ಕಾಫಿ ಲೋಟ ಕೆಳಗಿಡುವ ಮೊದಲೇ ಫೋನಿನಲ್ಲಿ ಜಗಳ ಶುರುವಾಗುತ್ತದೆ. ವಿಷಯ ಒಂದೇ. ಯಾರು ಯಾರ ಮನೆಗೆ ಬರಬೇಕು ಅನ್ನುವುದು.

“ದೊಡ್ಡೋಳು ನಾನು. ನಾನ್ಯಾಕ ಬರ್ಲಿ? ನೀನೇ ಬಾ ಕಣಮ್ಮಿ” ಅನ್ನುತ್ತಾಳೆ ಅವ್ವ.

ಸ್ಪೀಕರಿನಿಂದ ಚಿಕ್ಕಮ್ಮನ ದನಿ ಬರುತ್ತದೆ. ಮದುವೆಯಾಗಿ ಘಟ್ಟದಾಚೆ ಸೇರಿದ ಮೇಲೆ ಅವಳ ಮಾತಿಗೆ ಒಂದಿಷ್ಟು ತಮಿಳು ಅಂಟಿಕೊಂಡಿದೆ. “ಆಮಾ ಆಮಾ, ಮಗನ ಅಟ್ಟೀಲಿ ಮಾರಾಣಿ ಅಂಗ ಕೂತಿದ್ದೀಯ. ಎದ್ದು ಬರಕ್ಕ ಸೊಂಟನೋವಾ, ಗತ್ತಾ?”

“ನಿಂಗಾ ಗತ್ತು, ನಂಗಾ?”

ಹೀಗೆ ಸಾಗುತ್ತದೆ, ಯಾರಾದರೊಬ್ಬರ ಹಾಲು ಉಕ್ಕುವ ತನಕ. ನಡುವೆ ಇರುವುದು ಗುಂಡ್ಲುಪೇಟೆ, ಬಂಡೀಪುರದ ಕಾಡು, ತೆಪ್ಪಕಾಡು, ಆಮೇಲೆ ಒಂದಿಷ್ಟು ಏರು. ಬೆಳಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ತಲುಪಬಹುದಾದ ದಾರಿ. ಆದರೂ ಅಕ್ಕತಂಗಿಯರು ಮುಖ ನೋಡಿಕೊಂಡು ವರ್ಷಗಳಾಗಿದ್ದವು. ಪುಣಜನೂರಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ಇದು ಹಟ, ಮುದುಕಿಯರ ಹಟ ಎಂದೇ ನಾನು ತಿಳಿದಿದ್ದೆ.

ನನಗೋ ಒಂದು ಕಡೆ ಕೂರುವುದೆಂದರೆ ಆಗದು. ಕಚೇರಿಯಲ್ಲಿ ಕುರ್ಚಿಗೆ ಕಟ್ಟಿಹಾಕಿದಂತೆ ಕೂರುತ್ತೇನಲ್ಲ, ಅದರ ಸೇಡು ರಜೆಯಲ್ಲಿ ತೀರಿಸಿಕೊಳ್ಳಬೇಕು. ಬೇಸಿಗೆ ಬಂತೆಂದರೆ ಫೋನಿನಲ್ಲಿ ಮ್ಯಾಪು ತೆರೆದು, ಬೆರಳಿನಲ್ಲೇ ಘಟ್ಟ ಹತ್ತಿ ಇಳಿದು, ಮನೆಯ ಉದ್ದಕ್ಕೂ ಓಡಾಡುತ್ತಿರುತ್ತೇನೆ. ಆ ಸಲ ನಾನು ಹಾಕಿದ ಯೋಜನೆ ಚೆನ್ನಾಗಿಯೇ ಇತ್ತು. ಕಾರಿನಲ್ಲಿ ಬಂಡೀಪುರ, ಅಲ್ಲೊಂದು ಸಫಾರಿ, ಮಸಿನಗುಡಿ, ಕಲ್ಲಟ್ಟಿ ಘಟ್ಟ ಹತ್ತಿ ಊಟಿ, ಇಳಿಯುವಾಗ ಗೂಡಲೂರಿನಲ್ಲಿ ಚಿಕ್ಕಮ್ಮನ ಮನೆ. ಅವ್ವನ ಮುಂದೆ ಇದನ್ನು ಬಿಡಿಸಿಟ್ಟೆ.

“ಆನೆ ನೋಡಕ್ಕ ಕಾಸು ಕೊಟ್ಟು ಓಗದಾ?” ಅಂದಳು. “ನಮ್ಮಪ್ಪ ಪುಣಜನೂರಲ್ಲಿ ಡಬ್ಬ ಬಡ್ದು ಬಡ್ದು ಆನೆ ಓಡಿಸ್ತಿದ್ದ. ಆಗ ಯಾರಾದ್ರೂ ನೋಡಕ್ಕ ಬಂದಿದ್ರ ನಾವೇ ಕಾಸು ಕೊಟ್ಟು, ಆನೆನೂ ಕೊಟ್ಟು ಕಳಿಸ್ತಿದ್ದೊ.”

ಆನೆ ಬೇಡ, ಬೆಟ್ಟ ನೋಡು ಅಂದೆ. ಮಂಡಿ ನೋವು ಅಂದಳು. ಮುಂದಿನ ಸೀಟಿನಲ್ಲಿ ದಿಂಬು ಹಾಕಿ ಕೂರಿಸುತ್ತೇನೆ ಅಂದೆ. ತಿರುವಿನಲ್ಲಿ ತಲೆ ಸುತ್ತುತ್ತದೆ ಅಂದಳು. ಮಾತ್ರೆ ತರುತ್ತೇನೆ ಅಂದೆ. ಮಾತ್ರೆ ತಿಂದರೆ ಹೊಟ್ಟೆಗೆ ಆಗದು ಅಂದಳು. ಒಂದು ಬಾಗಿಲು ತೆರೆದರೆ ಇನ್ನೊಂದನ್ನು ಹಾಕಿಕೊಳ್ಳುತ್ತಿದ್ದಳು. ಕೊನೆಗೆ, “ಬುಡು ಮಗ, ನೀವು ಓಗಿ ಬನ್ನಿ. ನಾ ಅಟ್ಟಿ ನೋಡ್ಕೊಂಡಿರ್ತೀನಿ” ಎಂದು ಹುಣಸೆಹಣ್ಣು ಬಿಡಿಸಲು ಕೂತಳು. ನಾನು ಸಿಡಿಮಿಡಿಗೊಂಡು ಮಹಡಿ ಹತ್ತಿದೆ.

ಅಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ನನ್ನ ಗೊಣಗಾಟವನ್ನೆಲ್ಲ ಕೇಳಿಸಿಕೊಂಡು, ಟವೆಲಿನ ಮಡಿಕೆ ಸರಿಮಾಡುತ್ತಲೇ ಹೇಳಿದಳು:

“ಮ್ಯಾಪು ನೋಡಿದ್ದು ಸಾಕು ಕಣ್ರೀ. ಅತ್ತೇನ ನೋಡಿದ್ದೀರಾ? ಆಸ್ಪತ್ರೆಗೆ ಓಗೋ ದಿನ ಬೆಳಗ್ಗೆಯಿಂದ ಒಂದು ಗುಟುಕು ನೀರು ಕುಡಿಯಲ್ಲ.”

“ಯಾಕೆ?”

“ಯಾಕೆ ಅಂತೆ! ಸಕ್ಕರೆ ಕಾಯಿಲೆ ಅಲ್ವಾ? ಗಳಿಗೆ ಗಳಿಗೆಗೂ ಓಗಬೇಕು. ಬಂದ್ರೆ ತಡಕೊಳ್ಳಕ್ಕಾಗಲ್ಲ. ಮಂಡಿ ಬಗ್ಗಲ್ಲ, ಬಯಲಲ್ಲಿ ಕೂರಕ್ಕಾಗಲ್ಲ. ಆ ಕಾಡಲ್ಲಿ ನಿಲ್ಲಿಸಂಗಿಲ್ಲ, ಇಳಿಯಂಗಿಲ್ಲ ಅಂತ ಬೋರ್ಡು ಹಾಕವ್ರೆ. ನೀವು ತಿರುವು ಎಷ್ಟದ, ಟೈಗರ್ ಎಲ್ಲದ ಅಂತ ಕುಣೀತಿದ್ದೀರಾ.”

“ನನ್ನ ಹತ್ರ ಹೇಳಬಹುದಿತ್ತಲ್ಲ?”

“ಮಗನ ಹತ್ರ ಯಾವ ತಾಯಿ ಹೇಳ್ತಾಳೆ? ನಿಮಗೆ ಗೊತ್ತಾಗ್ಬುಟ್ಟದ ಅಂತ ತಿಳಿದ್ರೆ ಸಾಕು, ಆಮೇಲೆ ಆಸ್ಪತ್ರೆಗೂ ಬರಲ್ಲ. ನೀವು ಬಾಯಿ ಬಿಡಬೇಡಿ.”

ನಾನು ಅಲ್ಲೇ ನೀರಿನ ಟ್ಯಾಂಕಿಗೆ ಒರಗಿ ನಿಂತೆ. ಉಮ್ಮತ್ತೂರಿನ ಮದುವೆಗೆ ಬರುವುದಿಲ್ಲ ಎಂದು ಕಾಲು ಉಳುಕಿದ ನೆಪ ಹೇಳಿದ್ದು, ಉಡಿಗಾಲದ ಗೃಹಪ್ರವೇಶಕ್ಕೆ ಹೊರಟವಳು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದದ್ದು ಎಲ್ಲ ಒಂದೊಂದಾಗಿ ಅರ್ಥವಾಗತೊಡಗಿತು. ಮನೆ ನೋಡಿಕೊಳ್ಳುತ್ತೇನೆ ಅಂದವಳಿಗೆ ಮನೆ ಬಿಟ್ಟು ಬೇರೆಲ್ಲೂ ಹೋಗುವ ಧೈರ್ಯ ಉಳಿದಿರಲಿಲ್ಲ. ಹೀಗೇ ಬಿಟ್ಟರೆ ಅಕ್ಕತಂಗಿಯರಿಗೆ ಫೋನೇ ಗತಿ. ಅದಾದ ಮೇಲೆ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಕರೆದುಕೊಂಡು ಹೋಗಲೇಬೇಕು, ಆದರೆ ಯಾಕೆ ಬರಲೊಲ್ಲೆ ಅನ್ನುತ್ತಾಳೆಂಬುದು ಗೊತ್ತಿಲ್ಲದವನಂತೆಯೇ ಕರೆದುಕೊಂಡು ಹೋಗಬೇಕು.

ದಾರಿ ತೋರಿಸಿದವನು ನನ್ನ ಬಾಮೈದ. ಗುಂಡ್ಲುಪೇಟೆಯಲ್ಲಿ ಅವನ ಗೂಡ್ಸ್ ಗಾಡಿಗಳಿವೆ. ಚೆಂಡುಹೂವು, ತರಕಾರಿ ಹೇರಿಕೊಂಡು ಕೇರಳದ ಕಡೆಗೂ ನೀಲಗಿರಿಯ ಕಡೆಗೂ ಹೋಗುತ್ತವೆ. ಹಂಗಳದ ಹತ್ತಿರ ಯಾವುದೋ ರೆಸಾರ್ಟಿನ ಮುಂದೆ ನಿಂತ ಕ್ಯಾರವಾನು ನೋಡಿ ಬಂದವನು ಫೋನಿನಲ್ಲೇ ಕೂಗಾಡಿದ.

“ಬಾವ, ಮನೆಗೇ ಚಕ್ರ ಆಕ್ಬುಟ್ಟವ್ರೆ! ಮಂಚ ಅದ, ಒಲೆ ಅದ, ಫ್ರಿಜ್ಜು, ಟಿವಿ. ಇಂದ್ಗಡೆ ಬಾತ್‌ರೂಮು.”

“ಬಾತ್‌ರೂಮಾ?”

“ಊ ಕಣ್ ಬಾವ. ಟಿವಿ ಅದ ಅಂದ್ರೂ ಇಷ್ಟು ಕುಸಿಯಾಗ್ಲಿಲ್ಲ, ಬಾತ್‌ರೂಮು ಅಂದ್ರೆ ಯಾಕ ಇಂಗ ಕೂಗ್ತೀಯ?”

ಮೈಸೂರಿನಲ್ಲಿ ಬಾಡಿಗೆಗೆ ಸಿಗುತ್ತದೆಂದು ಗೊತ್ತಾಯಿತು. ಮಾತಾಡಿದೆ. ಬಾಡಿಗೆಯವರು ಒಂದೊಂದಾಗಿ ಬೇಡಗಳನ್ನು ಹೇಳುತ್ತಾ ಹೋದರು. ಗಾಡಿ ಉದ್ದ, ಎತ್ತರ. ಕಲ್ಲಟ್ಟಿಯ ಕಡಿದಾದ ತಿರುವುಗಳಿಗೆ ಕಳಿಸುವುದಿಲ್ಲ, ಗೂಡಲೂರಿನ ಕಡೆಯಿಂದ ಮಾತ್ರ. ಕಾಡಿನೊಳಗೆ ನಿಲ್ಲಿಸಿ ಮಲಗುವ ಮಾತಿಲ್ಲ. ರಾತ್ರಿ ಗೇಟು ಹಾಕುವ ಮೊದಲು ದಾಟಿರಬೇಕು. ಗೋಪಾಲಸ್ವಾಮಿ ಬೆಟ್ಟಕ್ಕೆ ನಮ್ಮ ಗಾಡಿ ಹತ್ತಿಸುವಂತಿಲ್ಲ, ತಪ್ಪಲಲ್ಲಿ ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ಹೋಗಬೇಕು. ಬಾಮೈದನೂ ನಾನೂ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯಲ್ಲಿ ಕೂತು ಹಳೆಯ ಯೋಜನೆಯನ್ನೆಲ್ಲ ಹೊಡೆದುಹಾಕಿ ಹೊಸದು ಹಾಕಿದೆವು. ಹಂಗಳದಲ್ಲಿ ಪರಿಚಯದವರ ಹೋಂಸ್ಟೇ ಅಂಗಳದಲ್ಲಿ ಗಾಡಿ ನಿಲ್ಲಿಸಿ ಒಂದು ರಾತ್ರಿ. ಬೆಳಗ್ಗೆ ಕಾಡು ದಾಟಿ ಗೂಡಲೂರು. ಚಿಕ್ಕಮ್ಮನನ್ನು ನೋಡಿ ವಾಪಸು. ಊಟಿ ಕ್ಯಾನ್ಸಲ್.

“ಕಲ್ಲಟ್ಟಿ ಇಲ್ಲ, ಊಟಿ ಇಲ್ಲ. ಇದೇನು ಟ್ರಿಪ್ಪಾ, ಬೀಗರೂಟವಾ?” ಎಂದು ಬಾಮೈದ ಮುಖ ಗಂಟಿಕ್ಕಿದ. ಯಾಕೆಂದು ಅವನಿಗೂ ಹೇಳುವಂತಿರಲಿಲ್ಲ. ಬಿಸ್ಕತ್ತು ಟೀಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡೆ.

ಅವ್ವನಿಗೆ ಹೇಗೆ ಹೇಳುವುದು? ಬಾತ್‌ರೂಮಿಗೋಸ್ಕರ ತೆಗೆದುಕೊಂಡದ್ದು ಎಂದು ಹೇಳುವಂತಿಲ್ಲ. ಹಾಗಾಗಿ ಒಲೆಯನ್ನು ಹಿಡಿದುಕೊಂಡೆ. ಒಲೆಯನ್ನು ಹೊಗಳಿದ್ದೇ ಹೊಗಳಿದ್ದು.

“ಅವ್ವ, ಅದರಲ್ಲಿ ಅಡುಗೆಮನೆ ಇದೆ. ಹೋಟೆಲಿನ ಅನ್ನ ತಿನ್ನಬೇಕಾಗಿಲ್ಲ. ಬಿಸಿಬಿಸಿ ಮುದ್ದೆ ತಿರುವಿಕೊಂಡು ಹೋಗಬಹುದು. ಎಲ್ಲಾ ಸೌಕರ್ಯ ಇದೆ.”

“ಎಲ್ಲಾ ಅಂದ್ರ?”

ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ, “ಎಲ್ಲಾ ಅಂದ್ರೆ ಎಲ್ಲಾ” ಅಂದೆ.

ಅವಳೂ ಕ್ಯಾಲೆಂಡರನ್ನೇ ನೋಡಿದಳು. “ಅಂಗಾದ್ರ ನೋಡನ ಬುಡು” ಅಂದಳು. ಎಷ್ಟು ವರ್ಷದ ಮೇಲೆ ಬಂದ ‘ನೋಡನ’ ಅದು!

ಗಾಡಿ ಸಿಕ್ಕಿದ್ದು ಶನಿವಾರಕ್ಕೆ. ಅವ್ವನಿಗೆ ಶನಿವಾರದ ಪಯಣ ಆಗದು. ಅದಕ್ಕೆ ಅವಳಲ್ಲಿ ಹಿರಿಯರ ಉಪಾಯವಿತ್ತು. ಒಳ್ಳೆಯ ದಿನದಲ್ಲಿ ಪರಸ್ಥಾನ ಇಡುವುದು. ಹೊರಡುವವರ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಆ ಗಳಿಗೆಯಲ್ಲೇ ಪಯಣ ಶುರುವಾದ ಲೆಕ್ಕ. ಆಮೇಲೆ ದೇಹ ಯಾವತ್ತು ಹೊರಟರೂ ದೋಷವಿಲ್ಲ. ಆದರೆ ಒಂದು ಕಟ್ಟಳೆ ಇದೆ. ಇಟ್ಟ ಗಂಟನ್ನು ಹೊರಡುವಾಗ ಎತ್ತಿಕೊಳ್ಳಬೇಕೇ ಹೊರತು, ಹೋಗುವುದಿಲ್ಲ ಎಂದು ಮನೆಗೆ ವಾಪಸು ತರುವಂತಿಲ್ಲ. ಬುಧವಾರ ಬೆಳಗ್ಗೆ ಅವ್ವ ಹೊಸ ಸೀರೆಯಲ್ಲಿ ಹಿಡಿ ಅಕ್ಕಿ, ಅರಿಶಿನದ ಕೊಂಬು, ಎಲೆ ಅಡಿಕೆ ಇಟ್ಟು ಗಂಟು ಕಟ್ಟಿ, ಎದುರುಮನೆಯ ದೇವರ ಮುಂದೆ ಇಟ್ಟು ಬಂದಳು. ಬಂದವಳೇ ತಂಗಿಗೆ ಫೋನು.

“ಒಂಟ್ಬುಟ್ಟೆ ಕಣಮ್ಮಿ!”

“ಅಯ್ಯೋ ನಿಜವಾ? ಎಲ್ಲಿಗಂಟ ಬಂದಿದ್ದೀಯಕ್ಕ?”

“ಎದುರುಮನೆಗಂಟ.”

ಆ ದಿನ ಮನೆಯಲ್ಲಿ ಎಲ್ಲರಿಗೂ ನಗು. ಮರುದಿನ ಎಲ್ಲ ಕೆಟ್ಟಿತು. ಬಾಮೈದ ಉತ್ಸಾಹದಿಂದ ಬಾಡಿಗೆಯವರ ಹತ್ತಿರ ಗಾಡಿಯೊಳಗಿನ ವಿಡಿಯೊ ತರಿಸಿ, ನೇರವಾಗಿ ಅವ್ವ ನೋಡಲೆಂದೇ ಕಳಿಸಿದ. ಕ್ಯಾಮೆರಾ ಮಂಚ ತೋರಿಸಿತು, ಸೋಫಾ ತೋರಿಸಿತು, ಒಲೆ ತೋರಿಸಿತು. ಒಲೆಯ ಪಕ್ಕಕ್ಕೇ ತಿರುಗಿ ಒಂದು ಪುಟ್ಟ ಬಾಗಿಲು ತೆಗೆದು ಕಮೋಡು ತೋರಿಸಿತು. ಅವ್ವ ಇನ್ನೊಂದು ಸಲ ಹಾಕಿಸಿಕೊಂಡು ನೋಡಿದಳು. ಕನ್ನಡಕ ತೆಗೆದಳು.

“ಒಲೆ ಇಲ್ಲಿ, ಅದು ಇಲ್ಲಿ?” ಎಂದು ಎರಡು ಅಂಗೈಗಳನ್ನು ಪಕ್ಕಪಕ್ಕಕ್ಕೆ ಹಿಡಿದಳು. “ಒಂದು ಮಾರೂ ಇಲ್ವಲ್ಲೋ! ಅನ್ನ ಬೇಯೋ ಜಾಗ್ದಲ್ಲಿ... ಥೂ.”

“ನಡುವೆ ಗೋಡೆ ಇದೆಯಲ್ಲವ್ವ.”

“ಗ್ವಾಡೆಯಾ ಅದು? ರಟ್ಟು. ಅಲ್ಲಿ ಬೇಯ್ಸಿದ್ದ ನಾ ಉಣ್ಣಕಿಲ್ಲ. ಉಣ್ಣೋರ ಪಕ್ಕ ಕೂರೋದೂ ಇಲ್ಲ. ನಾ ಆ ಗಾಡಿ ಅತ್ತಲ್ಲ.”

ಅವ್ವನ ಈ ಕಟ್ಟುನಿಟ್ಟು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆ ಕಟ್ಟುವಾಗ ಕಕ್ಕಸು ಹಿತ್ತಿಲ ಮೂಲೆಗೇ ಇರಬೇಕೆಂದು ಮೇಸ್ತ್ರಿಯ ಜೊತೆ ಜಗಳವಾಡಿದವಳು. ಮಂಡಿ ಕೆಟ್ಟ ಮೇಲೆ ಅವಳ ಕೋಣೆಗೇ ಒಂದನ್ನು ಸೇರಿಸಿ ಕಟ್ಟಿಸಿದೆವು. ಅವತ್ತಿನಿಂದ ಆ ಕೋಣೆಯೊಳಗೆ ಒಂದು ಲೋಟ ಮಜ್ಜಿಗೆಯನ್ನೂ ತರಿಸಿಕೊಂಡವಳಲ್ಲ. ಆದರೂ ಒಲೆಯನ್ನೇ ಹೊಗಳಿ ಹೊಗಳಿ ಅವಳ ಕಣ್ಣಿಗೆ ತುರುಕಿದವನು ನಾನು. ಆ ಒಲೆಯೇ ಈಗ ಬಾಗಿಲಿಗೆ ಅಡ್ಡ ಬಂದು ಕೂತಿತ್ತು.

ಹೋಗುವಂತಿಲ್ಲ. ಗಂಟು ಎದುರುಮನೆಯಲ್ಲಿದೆ, ಬಿಡುವಂತೆಯೂ ಇಲ್ಲ. ಅವ್ವ ಜಗುಲಿಯಿಂದ ಗೇಟಿಗೆ, ಗೇಟಿನಿಂದ ಜಗುಲಿಗೆ ಕೋಲೂರಿಕೊಂಡು ತಿರುಗಿದಳು. ಗೇಟಿನ ಹತ್ತಿರ ನಿಂತು ಎದುರುಮನೆಯನ್ನು ನೋಡುವಳು. ನಾನು ಫೋನು ಹಿಡಿದು ಅದೇ ದಾರಿಯಲ್ಲಿ ತಿರುಗಿದೆ. ಒಬ್ಬರಿಗೊಬ್ಬರು ಎದುರಾದಾಗ ಇಬ್ಬರೂ ಬೇರೆ ಎಲ್ಲಿಗೋ ಹೊರಟವರಂತೆ ಮುಖ ಮಾಡುತ್ತಿದ್ದೆವು. ಹೆಂಡತಿ ಹಾಕಿದ ಸಾರಿನ ಒಗ್ಗರಣೆ ಸೀದುಹೋಯಿತು. ಅವಳ ಗಮನವೂ ನಮ್ಮ ಮೇಲೆಯೇ.

ಸಾಲದ್ದಕ್ಕೆ ಎದುರುಮನೆಯ ಅಕ್ಕ ಬಂದಳು. “ಅಣ್ಣ, ಯಾವಾಗ ಒಂಡ್ತೀರಿ? ದೇವರ ಮನೆಗೆ ಪೇಂಟು ಒಡೆಸಬೇಕು, ಆಳು ಬಂದು ಕುಂತವ್ನೆ. ಅವ್ವನ ಗಂಟ ನಾ ಅಲ್ಲಾಡಿಸಂಗಿಲ್ಲ, ಅವನು ಮುಟ್ಟಂಗಿಲ್ಲ.”

“ಶನಿವಾರ” ಅಂದೆ. ಹಿಂದೆ ನಿಂತಿದ್ದ ಅವ್ವ ಕೋಲನ್ನು ನೆಲಕ್ಕೆ ಕುಟ್ಟಿದಳು.

ನನಗೆ ತಾಳ್ಮೆ ಹೋಯಿತು. ನಿನಗೋಸ್ಕರವೇ ತಂದದ್ದು ಕಣವ್ವ ಎನ್ನಲು ಹೊರಟೆ, ಬಾಯಿಂದ ಬಿದ್ದದ್ದು ಬೇರೆಯೇ. “ಸರಿ, ಆ ಗಾಡಿ ಬೇಡ ಬಿಡು. ವಾಪಸು ಹೇಳ್ತೀನಿ. ಕಾರಲ್ಲೇ ಹೋಗೋಣ. ಎಲ್ಲೂ ನಿಲ್ಲಿಸದೆ ಹೋದ್ರೆ ಬೇಗ ತಲುಪ್ತೀವಿ.”

“ಎಲ್ಲೂ ನಿಲ್ಲಿಸ್ದೆಯಾ?” ಎಂದಳು ಅವ್ವ. ಅಷ್ಟೇ. ಒಳಗೆ ಹೋಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಆ ಸಂಜೆ ತಂಗಿಯ ಫೋನು ಬಂದರೂ ಎತ್ತಲಿಲ್ಲ.

ಶುಕ್ರವಾರ ಬೆಳಗ್ಗೆ ನಾನು ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದೆ. ಅವ್ವ ಬಂದು ಕರಿಬೇವಿನ ಗಿಡದ ಮುಂದೆ ನಿಂತಳು. ಬೇಕಾದದ್ದಕ್ಕಿಂತ ಹೆಚ್ಚು ಸೊಪ್ಪು ಕಿತ್ತು ಮಡಿಲಿಗೆ ಹಾಕಿಕೊಂಡಳು.

“ಲೋ.”

“ಏನವ್ವ?”

“ಒಲೆ ತೆಗ್ಸಕ್ಕಾಯ್ತದಾ?”

“ಯಾವ ಒಲೆ?”

“ಆ ಗಾಡೀದು. ಒಲೆ ತೆಗ್ಸು. ಇನ್ನೊಂದು ಇರ್ಲಿ.” ಕಣ್ಣು ಗಿಡದ ಮೇಲೆಯೇ. ಇನ್ನೊಂದು ಎಲೆ ಕಿತ್ತಳು, ಇನ್ನೊಂದು. ಆಮೇಲೆ ಸಿಟ್ಟು ಬಂದವಳಂತೆ ನನ್ನ ಕಡೆ ತಿರುಗಿದಳು. “ಅನ್ನವ ಅಟ್ಟೀಲೇ ಬೇಯಿಸಿ ಕಟ್ಕೊಂಡು ಓಗಬೋದು. ಅದ ಕಟ್ಕೊಂಡು ಓಗಕ್ಕಾಯ್ತದಾ?”

ನನ್ನ ಬಾಯಿ ತುಂಬಾ ಪೇಸ್ಟಿನ ನೊರೆ. ನಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತಲೆಯಾಡಿಸಿದೆ. ಅವಳು ಸೊಪ್ಪಿನ ಮಡಿಲು ಬಿಗಿ ಹಿಡಿದು ಒಳಗೆ ಹೋದಳು. ಆವತ್ತು ಮಾಡಿದ ಚಿತ್ರಾನ್ನದಲ್ಲಿ ಅನ್ನಕ್ಕಿಂತ ಕರಿಬೇವೇ ಹೆಚ್ಚಿತ್ತು.

ಬಾಡಿಗೆಯವರಿಗೆ ಫೋನು ಮಾಡಿ ಒಲೆ ತೆಗೆದು ಕಳಿಸಿ ಅಂದೆ. “ಸಾರ್, ಎಲ್ಲರೂ ಒಲೆ ಇದೆಯಾ ಅಂತ ಕೇಳ್ತಾರೆ. ಒಲೆ ಇಲ್ಲದಿದ್ರೂ ಬಾಡಿಗೆ ಅಷ್ಟೇ ಆಗುತ್ತೆ” ಅಂದರು. ಆಗಲಿ ಅಂದೆ. ಅವರ ಹತ್ತಿರ ಬಿಚ್ಚುವವರು ಆ ಹೊತ್ತಿಗೆ ಸಿಗಲಿಲ್ಲವಂತೆ. ಗಾಡಿ ಮೈಸೂರಿನಿಂದ ನೇರ ಗುಂಡ್ಲುಪೇಟೆಗೆ ಬರುವುದಿತ್ತು, ಬಿಚ್ಚುವ ಕೆಲಸ ಬಾಮೈದನ ಪಾಲಿಗೆ ಬಂತು.

ಶನಿವಾರ ಬೆಳಗ್ಗೆ ಎದುರುಮನೆಗೆ ಹೋಗಿ ಅವ್ವ ತನ್ನ ಗಂಟನ್ನು ಎತ್ತಿಕೊಂಡಳು. ಪೇಂಟಿನವನು ಡಬ್ಬದ ಮುಚ್ಚಳ ತೆಗೆದು ಕಾಯುತ್ತಿದ್ದ. ತೆರಕಣಾಂಬಿಯ ಮೇಲೆ ಕಾರಿನಲ್ಲಿ ಗುಂಡ್ಲುಪೇಟೆಗೆ ಹೋದೆವು. ಅಲ್ಲಿಯ ತನಕ ಅವ್ವ ಕಿಟಕಿಯ ಕಡೆ ತಿರುಗಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಕಾರು ಬಾಮೈದನ ಮನೆ ಮುಂದೆ ನಿಂತದ್ದೇ ತಡ, ಯಾರನ್ನೂ ಮಾತಾಡಿಸದೆ ಹಿತ್ತಿಲಿಗೆ ನಡೆದಳು.

ಚೆಂಡುಹೂವಿನ ವಾಸನೆ ಹೊಡೆಯುತ್ತಿದ್ದ ಗೂಡ್ಸ್ ಗಾಡಿಗಳ ನಡುವೆ ಬೆಳ್ಳಗೆ ನಿಂತಿತ್ತು ಕ್ಯಾರವಾನು. ಅಕ್ಕಪಕ್ಕದವರೆಲ್ಲ ಬಂದು ಕಿಟಕಿಗೆ ಮೂಗು ಒತ್ತಿದ್ದರು. ಅವ್ವನ ಕೈಹಿಡಿದು ಹತ್ತಿಸಿದೆವು. ಒಲೆ ಇದ್ದ ಜಾಗಕ್ಕೆ ಬಾಮೈದ ಹಲಗೆ ಹೊಡೆದು, ಮೇಲೊಂದು ಬಾಳೆಗೊನೆ ಮಲಗಿಸಿದ್ದ. ಅವ್ವ ಬಾಳೆಗೊನೆಯನ್ನು ಎತ್ತಿಸಿ ಹಲಗೆಯನ್ನು ತಟ್ಟಿ ನೋಡಿದಳು.

“ಹಣ್ಣನೂ ಇಲ್ಲಿಡಬ್ಯಾಡ, ಮುಂದಕ್ಕಿಡು. ಸಿಲಿಂಡರು ತೆಗ್ದಾ?”

“ತೆಗ್ದೆ ಅತ್ತೆ. ಬೆಂಕಿಪಟ್ಣನೂ ಇಲ್ಲ. ಡ್ರೈವರ್ ಬೀಡಿ ಸೇದ್ತಾನೆ ಅಂತ ಅವನ ಲೈಟರೂ ಕಿತ್ಕೊಂಡಿವ್ನಿ.”

“ಸರಿ. ಎಲ್ಲಾ ಕೆಳಕ್ಕ ಇಳೀರಿ.”

“ಯಾಕತ್ತೆ?”

“ಇಳಿ ಅಂದ್ರ ಇಳೀಬೇಕು ಕಣ್ಲಾ.”

ಇಳಿದೆವು. ನೋಡಲು ಬಂದವರನ್ನು ಹೆಂಡತಿ ಅಂಗಳದಾಚೆಗೆ ಅಟ್ಟಿ, ತಾನು ಬಾಗಿಲ ಬಳಿ ಕಾವಲು ನಿಂತಳು. ನಾನು ಆಕಾಶ ನೋಡಿದೆ. ಡ್ರೈವರು ಟೈರು ನೋಡಿದ. ಒಳಗಿನಿಂದ ಚಿಲಕ ಹಾಕಿದ ಸದ್ದು ಬಂತು. ಬಾಮೈದನಿಗೆ ಆಗ ಏನೋ ಹೊಳೆಯಿತೆಂದು ಕಾಣುತ್ತದೆ, ನನ್ನ ಮುಖವನ್ನೇ ಒಂದು ಗಳಿಗೆ ನೋಡಿದವನು ಇದ್ದಕ್ಕಿದ್ದಂತೆ ಈ ವರ್ಷದ ಚೆಂಡುಹೂವಿನ ಬೆಳೆಯ ಬಗ್ಗೆ ದೊಡ್ಡ ದನಿಯಲ್ಲಿ ಮಾತಾಡತೊಡಗಿದ. ಒಳಗೆ ನೀರು ಸುರಿದ ಸದ್ದಾದಾಗ ಅವನ ದನಿ ಇನ್ನೂ ಏರಿತು. ನಾನೂ ಅಷ್ಟೇ ಜೋರಾಗಿ “ಹೌದಾ? ಹೌದಾ?” ಅನ್ನುತ್ತಿದ್ದೆ.

ಅವ್ವ ಮೆಟ್ಟಿಲಿಗೆ ಬಂದು ಕಂಬಿ ಹಿಡಿದು ನಿಂತಳು. ನೇರ ಡ್ರೈವರನ್ನೇ ಕೇಳಿದಳು. “ಗಾಡಿ ಓಡ್ತಿರುವಾಗ್ಲೂ ಆಯ್ತದೇನಪ್ಪ?”

ಮೈಸೂರಿನ ಡ್ರೈವರು ಟೈರಿನಿಂದ ಕಣ್ಣೆತ್ತದೆ, “ಆಗುತ್ತಮ್ಮ. ಒಳಗೆ ಹಿಡ್ಕೊಳ್ಳೋಕೆ ಕಂಬಿ ಇದೆ. ಹೇಳಿ, ನಿಧಾನಕ್ಕೆ ಹೊಡೀತೀನಿ” ಅಂದ.

“ಕಾಡೊಳಗ ನಿಲ್ಲಿಸಂಗಿಲ್ವಂತಲ್ಲ?”

“ನಿಲ್ಲಿಸೋದೇ ಬೇಡಮ್ಮ.”

ಅವ್ವ ಒಂದು ನಿಟ್ಟುಸಿರು ಬಿಟ್ಟಳು. ಫೋನು ಕೊಡು ಎಂದು ನನ್ನ ಕಡೆ ಕೈ ಚಾಚಿದಳು. ಕೊಟ್ಟೆ. ತಂಗಿಯ ನಂಬರು ಹಚ್ಚಿ, ಎಂದಿನಂತೆ ಸ್ಪೀಕರು ಹಾಕಿಕೊಂಡಳು.

“ಗುಂಡ್ಲುಪೇಟೆಗಂಟ ಬಂದಿವ್ನಿ ಕಣಮ್ಮಿ.”

“ಸುಳ್ಳು ಬುಡು. ಅವತ್ತು ಎದುರುಮನೆಗಂಟ ಅಂದೆ.”

“ನಿಜವಾಗ್ಲೂ ಕಣೆ. ಕೇಳಿಲ್ಲಿ. ನೀ ಯಾಕ ನಮ್ಮ ಅಟ್ಟಿಗೆ ಬತ್ತಿಲ್ಲ ಅಂತ ನಂಗ ಗೊತ್ತು.”

ಅವ್ವ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು.

“ನಾ ಯಾಕ ಬತ್ತಿರ್ಲಿಲ್ಲ ಅಂತ ನಿಂಗೂ ಗೊತ್ತು. ದೊಡ್ಡೋಳು ಚಿಕ್ಕೋಳು ಅಂತ ಇಬ್ರೂ ಸುಮ್ಮಸುಮ್ಮನೆ ಬಾಯಿ ಬಡ್ಕಂಡೊ. ಈ ಗಾಡೀಲಿ ಅದ ಕಣಮ್ಮಿ. ಕುರ್ಚಿ ಅಂಗ ಅದ, ಮಂಡಿ ಬಗ್ಗಿಸ್ಬೇಕಾಗಿಲ್ಲ. ಒಳಗ ಚಿಲಕ ಅದ. ಒಲೆ ಇತ್ತು, ತೆಗ್ಸಿವ್ನಿ.”

ನಾವೆಲ್ಲ ಅಲ್ಲೇ ನಿಂತಿದ್ದೆವು. ನನ್ನ ಹೆಂಡತಿ, ಬಾಮೈದ, ಡ್ರೈವರು, ನಾನು. ಅವ್ವ ಯಾರನ್ನೂ ಲೆಕ್ಕಕ್ಕಿಡಲಿಲ್ಲ. ಸ್ಪೀಕರಿನಿಂದ ಚಿಕ್ಕಮ್ಮನ ದನಿ ಬಂತು. ದಿನವೂ ಕೇಳುವ ಜಗಳದ ದನಿಯಲ್ಲ, ತೀರಾ ಸಣ್ಣದು.

“ಅಕ್ಕ, ನೀರು ಬತ್ತದಾ?”

“ಜೋರಾಗಿ ಬತ್ತದ. ಸೀರೆ ಎರಡು ಕಟ್ಕೊ. ಊಟಿಗೆ ಓಗನ. ನಾನೂ ನೋಡಿಲ್ಲ, ಅಷ್ಟು ಅತ್ರದಲ್ಲಿದ್ದು ನೀನೇನು ನೋಡಿದ್ದೀಯ?”

“ಮದುವೆಯಾದ ಒಸದ್ರಲ್ಲಿ ಒಂದ್ಸಲ.”

“ಅದು ಲೆಕ್ಕಕ್ಕಿಲ್ಲ.”

ಬಾಮೈದ ಅಂಗಳದಲ್ಲೇ ಒಂದು ಕುಣಿತ ಹಾಕಿದ. ನಾನು ಅವ್ವನ ಕೈಯಿಂದ ಫೋನು ವಾಪಸು ತೆಗೆದುಕೊಂಡು ಮ್ಯಾಪು ತೆರೆದೆ. ಗೂಡಲೂರಿನಿಂದ ಮೇಲಕ್ಕೆ ದಾರಿ ಹಾವಿನ ಹಾಗೆ ಸುತ್ತಿಕೊಂಡಿತ್ತು. ಹಂಗಳದವರಿಗೆ ಈ ರಾತ್ರಿ ಬರುವುದಿಲ್ಲ ಎಂದು ಹೇಳಬೇಕು, ಬಾಡಿಗೆಯವರ ಹತ್ತಿರ ಇನ್ನೊಂದು ದಿನ ಕೇಳಬೇಕು, ಕಚೇರಿಗೆ ರಜೆ ಹೇಳಬೇಕು. ಊಟಿಯಲ್ಲಿ ಇಷ್ಟುದ್ದದ ಗಾಡಿ ಎಲ್ಲಿ ನಿಲ್ಲಿಸುವುದೋ ಗೊತ್ತಿಲ್ಲ. ಇರುವ ಮಂಚದಲ್ಲಿ ಇಬ್ಬರು ಅಕ್ಕತಂಗಿಯರು ಮಲಗಿದರೆ ನಾವು ಎಲ್ಲಿ ಒರಗುವುದೋ ಅದೂ ಗೊತ್ತಿಲ್ಲ. ಯಾರಿಗೆ ಮೊದಲು ಫೋನು ಮಾಡಲಿ ಎಂದು ನೋಡುವಷ್ಟರಲ್ಲಿ ಚಿಕ್ಕಮ್ಮನದೇ ಕರೆ ಬಂದು, ಫೋನು ಅವ್ವನ ಕೈಗೆ ಮತ್ತೆ ಹೋಗಿತ್ತು. ಯಾವ ಸೀರೆ ತರಬೇಕೆಂಬ ಚರ್ಚೆ ಶುರುವಾಗಿತ್ತು.

ಅವಳು ಮಾತು ನಿಲ್ಲಿಸದೆಯೇ ಒಂದು ಕೈಯಿಂದ ಗಾಡಿಯ ಮೈಯನ್ನು ದಬದಬನೆ ಬಡಿ­ದಳು. “ಏನ್ಲಾ ನೋಡ್ತಾ ನಿಂತಿದ್ದೀಯ? ಅವಳು ಆಗ್ಲೇ ಬಾಗ್ಲಿಗೆ ಬಂದು ಕೂತಿರ್ತಾಳ. ಗಾಡಿ ಅತ್ತು.”